ಗಾಜಿನ ಕೋಣೆಯ ಸಂಶಯಗಳು

ಕಾಸರಗೋಡು ಬಸ್‌ಸ್ಟ್ಯಾಂಡಿನ ಎದುರು, ಮೇಲಿನ ಮಾಳಿಗೆಯಲ್ಲಿ, ತಗಡಿನ ಮಾಡಿನ ಕೆಳಗೆ ನಮ್ಮ ಟ್ರಾವೆಲ್ಸ್ ಆಫೀಸು. ದುಬೈಗೆ ಹೋಗುವವರಿಗೆ ಟಿಕೆಟ್ ಮಾಡಿಕೊಡುತ್ತೇವೆ; ಅಲ್ಲಿನ ಸೆಕೆಯ ಸ್ಯಾಂಪಲ್ ಇಲ್ಲೇ ಪುಕ್ಕಟೆ. ಎಸಿ ಇದ್ದದ್ದು ಧಣಿಗಳಾದ ಹಾಜಿಯವರ ಗಾಜಿನ ಕೋಣೆಯಲ್ಲಿ ಮಾತ್ರ.

ಹಾಗಾಗಿ ಊಟ ಮುಗಿದದ್ದೇ ನಮಗೆಲ್ಲ ಸಂಶಯಗಳು ಹುಟ್ಟುತ್ತಿದ್ದವು. ಒಬ್ಬೊಬ್ಬರಾಗಿ ಫೈಲು ಹಿಡಿದು ಒಳಗೆ ಹೋಗುವುದು, ಬೆವರು ಆರುವವರೆಗೆ ಹಾಜಿಯವರ ಉಪದೇಶಕ್ಕೆ ತಲೆಯಾಡಿಸುವುದು. "ನಮ್ಮ ಆಫೀಸಿನ ಮಕ್ಕಳು ನನ್ನನ್ನು ಕೇಳದೆ ಎಂತದೂ ಮಾಡುವುದಿಲ್ಲ" ಎಂದು ಅವರು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು, ಪಾಪ.

ಸಂಶಯವೇ ಬಾರದಿದ್ದವರು ಅಕೌಂಟೆಂಟ್ ಅಕ್ಕ ಒಬ್ಬರೇ. ಕೆಲಸ ಚೆನ್ನಾಗಿ ಬಂದರೆ ಇದೊಂದು ಕಷ್ಟ. ಕಿಟಕಿಯ ಬಿಸಿಲಲ್ಲಿ ಬೆಂದು ಬೆಂದು, ಕೊನೆಗೆ ಮಂಜೇಶ್ವರದಲ್ಲಿ ಬೇರೆ ಕೆಲಸ ನೋಡಿಕೊಂಡರು.

"ಸಂಬಳ ಇಲ್ಲಿಯಷ್ಟೇ ಮಾರಾಯ. ಆದರೆ ಅಲ್ಲಿ ಗಾಳಿ ಉಂಟು."

ಅಕ್ಕ ಹೋದರೆ ನನ್ನ ಗತಿ? ನನ್ನ ಬುಕಿಂಗ್ ತಪ್ಪುಗಳನ್ನು ಸದ್ದಿಲ್ಲದೆ ತಿದ್ದುತ್ತಿದ್ದವರು ಅವರೇ.

"ಹಾಜಿಯವರಿಗೆ ಹೇಳಿ ಅಕ್ಕಾ."

"ಸೆಕೆಯಾಗ್ತದೆ ಅಂತ ಹೇಳುವುದಾ? ನಾಚಿಕೆ!"

ಅಕ್ಕ ಬಿಡುತ್ತಾರೆಂದು ಕೇಳಿ ಹಾಜಿಯವರಿಗೆ ಮಂಡೆ ಬಿಸಿಯಾಯಿತು. ನನ್ನನ್ನು ಒಳಗೆ ಕರೆದರು. "ಅವಳಿಗೆ ನಾನು ಎಂತ ಕಡಿಮೆ ಮಾಡಿದ್ದು? ಹೋಗಲಿ, ನಿನ್ನದೊಂದು ಮಿಮಿಕ್ರಿ ಮಾಡು, ಸ್ವಲ್ಪ ನಗುವ."

ನಕಲು ಮಾಡು ಎಂದರೆ ನನಗೆ ಹಿಂದುಮುಂದು ತಿಳಿಯುವುದಿಲ್ಲ. ಎಸಿಯ ಕೆಳಗೆ ನಿಂತು, ಕಾಲರ್ ಎತ್ತಿ, ಕಣ್ಣು ಅರ್ಧ ಮುಚ್ಚಿ, ನಮ್ಮ ಟಿಕೆಟ್ ಕೌಂಟರಿನ ಹುಡುಗನ ದನಿಯಲ್ಲಿ "ಹಾಜಿಯವರೇ, ಒಂದು ಸಂಶಯ" ಎಂದೆ. ಆಮೇಲೆ ನನ್ನದೇ ನಕಲು: ಅದೇ ಜಾಗ, ಅದೇ ಕಾಲರ್. "ಹಾಜಿಯವರೇ, ಈ ಬಹ್ರೈನ್ ಇರುವುದು ಎಲ್ಲಿ?"

ಹೊಟ್ಟೆ ಹಿಡಿದು ನಗುತ್ತಿದ್ದ ಹಾಜಿಯವರು ತಟ್ಟನೆ ನಗು ನಿಲ್ಲಿಸಿದರು.

"ಅಲ್ಲ, ಎಲ್ಲರೂ ಅಲ್ಲಿಯೇ ಯಾಕೆ ನಿಲ್ಲುವುದು?"

ನಾನು ತಲೆಯೆತ್ತಿ ಎಸಿಯನ್ನು ನೋಡಿದೆ. ಹಾಜಿಯವರೂ ನೋಡಿದರು, ಆಮೇಲೆ ಗಾಜಿನಾಚೆ ಬಿಸಿಲಲ್ಲಿ ಕೂತಿದ್ದ ಅಕ್ಕನನ್ನೂ.

ಹಾಜಿಯವರು ಎದ್ದು ಹೊರಬಂದು, ಅಕ್ಕನನ್ನು ಎಬ್ಬಿಸಿ, ಅವರ ಕುರ್ಚಿಯಲ್ಲಿ ಕೂತರು. ತುಸು ಹೊತ್ತಿಗೆ ಬಿಳಿ ಟೊಪ್ಪಿ ಒದ್ದೆ.

"ತಂಗೀ, ನೀನು ಒಮ್ಮೆಯೂ ಸಂಶಯ ಕೇಳಲಿಕ್ಕೆ ಬರಲಿಲ್ಲವಲ್ಲ?"

"ನನಗೆ ಸಂಶಯ ಇರಲಿಲ್ಲ ಹಾಜಿಯವರೇ. ಸೆಕೆ ಇತ್ತು."

ಆ ವಾರವೇ ಗಾಜು ಕಳಚಿತು, ಕಿಟಕಿಗೆ ಪರದೆ ಬಂತು, ಇಡೀ ಆಫೀಸಿಗೆ ದೊಡ್ಡ ಎಸಿ ಬಂತು. ಅಕ್ಕ ಮಂಜೇಶ್ವರಕ್ಕೆ ಫೋನ್ ಮಾಡುವಾಗ ನಾವೆಲ್ಲ ಕೆಲಸ ಮಾಡುವವರಂತೆ ತಲೆ ತಗ್ಗಿಸಿ ಕಿವಿ ಅತ್ತಲೇ ಇಟ್ಟಿದ್ದೆವು. "ಇಲ್ಲ, ಬರುವುದಿಲ್ಲ" ಎಂದು ಅವರು ಫೋನ್ ಇಟ್ಟಾಗ ಮೊದಲು ಚಪ್ಪಾಳೆ ತಟ್ಟಿದವರು ಹಾಜಿಯವರು.