ಸ್ಟೆಪ್ಪಿಯನ್ನು ಕಾವಲು ಎಂದದ್ದು

೧೯೦೮ರಲ್ಲಿ ನಾನು ನಂಜನಗೂಡಿನ ಮಿಡ್ಲ್ ಸ್ಕೂಲಿನಲ್ಲಿ ಭೂಗೋಳದ ಮೇಷ್ಟರಾಗಿದ್ದೆ. ಹಳ್ಳಿ ಶಾಲೆಗಳ ಹಂಗಾಮಿ ಉಪಾಧ್ಯಾಯರನ್ನು ಪರೀಕ್ಷೆಗೆ ತಯಾರು ಮಾಡುವ ತಲೆನೋವೂ ನನ್ನದೇ. ಅವರಲ್ಲಿ ನರಸೀಪುರ ತಾಲ್ಲೂಕಿನ ಹೆಮ್ಮಿಗೆಯ ಮಾದಯ್ಯ ಒಬ್ಬ. ಒಕ್ಕಲು ಮನೆತನದವನು, ಹಿಂದಿನ ಸಲ ನಪಾಸಾಗಿದ್ದ. ಈ ಸಲವೂ ತಪ್ಪಿದರೆ ಅವನ ಕೆಲಸ ಹೋದಂತೆಯೇ.

ಆ ವರ್ಷದ ಪಾಠದಲ್ಲಿ ರಷ್ಯಾ ದೇಶದ ಸ್ಟೆಪ್ಪಿ, ಟಂಡ್ರಾ ಇದ್ದವು. ಎರಡೂ ಮರವಿಲ್ಲದ ಬಯಲು, ನಮ್ಮವರ ತಲೆಯಲ್ಲಿ ಕಲಸುಮೇಲೋಗರ. ರೇಗಿ ರೇಗಿ ಸಾಕಾಗಿ ಒಂದು ದಿನ, "ಸ್ಟೆಪ್ಪಿ ಅಂದರೆ ಕಾವಲು ಕಣ್ರಯ್ಯ" ಎಂದುಬಿಟ್ಟೆ. ಸರ್ಕಾರ ತನ್ನ ದನಗಳಿಗೆಂದು ಕಾದಿರಿಸಿದ ಹುಲ್ಲುಗಾವಲನ್ನು ನಮ್ಮ ಕಡೆ ಕಾವಲು ಎನ್ನುತ್ತಾರೆ. ಎಲ್ಲರೂ ತಲೆಯಾಡಿಸಿದರು.

ಬಾಯಿಪರೀಕ್ಷೆಯ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹೊರಗೆ ಬಾಗಿಲಿಗೂ ಕಿಟಕಿಗೂ ಓಡಾಡುತ್ತಿದ್ದೆ. ಶಾಲೆಗಳ ಇನ್‌ಸ್ಪೆಕ್ಟರು ಮಾದಯ್ಯನಿಗೆ ಸ್ಟೆಪ್ಪಿಯನ್ನೇ ಕೇಳಿದರು.

"ಬರೀ ಉಲ್ಲು ಸಾ. ಅಪ್ಪಣೆ ಇಲ್ದೆ ದನ ಬುಟ್ರೆ ದೊಡ್ಡಿಗೆ ಕೂಡ್ತಾರೆ."

ಇನ್‌ಸ್ಪೆಕ್ಟರು ಪೆನ್ಸಿಲ್ ಎತ್ತಿದರು. ನಾನು ಒಳಗೆ ನುಗ್ಗಿ, "ಕಾವಲು ಅಂತ ಹೇಳಿಕೊಟ್ಟವನು ನಾನು ಸ್ವಾಮಿ. ಸೊನ್ನೆ ಹಾಕುವುದಾದರೆ ನನಗೆ ಹಾಕಿ" ಎಂದೆ.

ಅವರು ಸಿಡುಕಿ ನನ್ನ ಬಾಯಿ ಮುಚ್ಚಿಸಿದರು. ಆಮೇಲೆ ಮಾದಯ್ಯನ ಕಡೆ ತಿರುಗಿ, "ಸ್ಟೆಪ್ಪಿ, ಟಂಡ್ರಾ ಎರಡು ಕಡೆಯೂ ಮರ ಏಕಿಲ್ಲ, ಅದನ್ನು ಹೇಳು" ಎಂದರು.

ಮಾದಯ್ಯ ಬೆವರು ಒರೆಸಿಕೊಂಡ. "ಸ್ಟೆಪ್ಪೀಲಿ ಮಳೆ ಸಾಲ್ದು ಸಾ, ಉಲ್ಲಿಗೆ ಮಾತ್ರ ಆಯ್ತದೆ. ಟಂಡ್ರಾದಲ್ಲಿ ಬಿಸ್ಲು ಸಾಲ್ದು. ಮೇಲ್ಗಡೆ ಮಣ್ಣು ಕರಗಿದ್ರೂ ಕೆಳಗೆ ಎಪ್ಪುಗಟ್ಟಿರ್ತದೆ, ಬೇರು ಇಳಿಯಾಕಿಲ್ಲ. ಪಾಚಿ ಗೀಚಿ ಬೆಳೀತದೆ."

ಪಾಸು ಮಾಡಿದರು. ನನಗೆ ಹೋದ ಜೀವ ಬಂದಂತಾಯಿತು.

ಹೊರಗೆ ಬೆನ್ನು ತಟ್ಟಲು ಹೋದರೆ ಮಾದಯ್ಯನ ಮುಖದಲ್ಲಿ ಗೆಲುವೇ ಇಲ್ಲ. "ಇನ್ನೇನಯ್ಯ ನಿನಗೆ?" ಎಂದೆ.

"ಅಂಗಾರೆ ಸ್ಟೆಪ್ಪೀಲಿ ಕಾವಲುಗಾರ ಇರಾಕಿಲ್ವಾ ಸಾ? ಯಾರ ದನ ಬೇಕಾದ್ರೂ ಮೇಯ್ಬೋದಾ?"

ಹಿಂದಿನ ವರ್ಷ ಅವರ ಮನೆಯ ಜೋಡೆತ್ತು ಕಾವಲಿಗೆ ನುಗ್ಗಿ ದೊಡ್ಡಿ ಸೇರಿದ್ದವಂತೆ. ದಂಡ ಕಟ್ಟಿ ಬಿಡಿಸಿಕೊಂಡು ಬರುವಷ್ಟರಲ್ಲಿ ಉಳುಮೆಯ ಹದ ತಪ್ಪಿತ್ತು. ಕೇಳಿ ನನಗೆ ಸಂಕಟವಾಯಿತು.

ಅಲ್ಲಿಂದಾಚೆ ದೂರದೇಶದ ಸಂಗತಿಗೆ ನಮ್ಮ ಊರಿನ ಮಾತು ಹಚ್ಚುವ ಮೊದಲು, ಆ ಮಾತು ಕೇಳಿದರೆ ನಿಮಗೇನು ನೆನಪಾಗುತ್ತದೆ ಎಂದು ಎದುರು ಕೂತವರನ್ನೇ ಕೇಳುತ್ತಿದ್ದೆ. ಕಾವಲು ಎಂದಾಗ ನನ್ನ ಕಣ್ಣಿಗೆ ಕಂಡದ್ದು ಹುಲ್ಲು. ಮಾದಯ್ಯನಿಗೆ ಕಂಡದ್ದು ಕೋಲು ಹಿಡಿದ ಆಳು.