ಕಿವಿ ನಿನ್ನದು, ಹೆಸರು ನನ್ನದು

ಪಂಪಾ, ನಿನ್ನ ಕಿವಿಯಲ್ಲಿ ಯಾವ ದೋಷವೂ ಇರಲಿಲ್ಲ. ನಾನು ಸುಳ್ಳು ಹೇಳಿದೆ. ಒಂದು ಸಲ ಅಲ್ಲ — ನಮ್ಮ ಮದುವೆಯಾದ ಹೊಸದರಲ್ಲಿ ನೀನು ಎಂಜಿನ್ನಿನ ಸದ್ದು ಕೇಳಿ ಏನು ಹೇಳಿದರೂ "ತಪ್ಪು" ಎಂದು ನಗುತ್ತಿದ್ದೆನಲ್ಲ, ಆಗೆಲ್ಲ ನೀನು ಹೇಳಿದ್ದೇ ಸರಿಯಾಗಿತ್ತು. ಕೇಳಿಸದೆ ಇದ್ದದ್ದು ನನಗೆ. ಕಂಪ್ಲಿಯವರೆಲ್ಲ "ಕಿವಿ ಮೇಸ್ತ್ರಿ" ಎಂದು ಕರೆದ ನನಗೆ, ನಿನ್ನ ಕೈ ಹಿಡಿಯುವ ಮೊದಲೇ ಕಿವಿ ಹೋಗಿತ್ತು.

ಇಷ್ಟು ಬರೆದು ತಲೆಯೆತ್ತಿ ನೋಡಿದೆ. ನೀನು ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದೀಯೆ. ಎದ್ದು ಹೋಗಿ ಹೇಳಿಬಿಡಬಹುದು, ಅದೆಷ್ಟು ದೂರ! ಆದರೆ ಅಷ್ಟು ಧೈರ್ಯ ಇದ್ದಿದ್ದರೆ ಆವತ್ತೇ ಹೇಳುತ್ತಿದ್ದೆ. ಬರೆಯುವಾಗಲಾದರೂ ನಡುವೆ ಮಾತು ತಿರುಗಿಸಲು ಬರುವುದಿಲ್ಲ. ಮಾತು ತಿರುಗಿಸುವುದರಲ್ಲಿ ನಾನೆಷ್ಟು ಪಳಗಿದವನು ಎಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಯುದ್ಧದ ಕಾಲದಲ್ಲಿ ನಾನು ಬೆಂಗಳೂರಿನಲ್ಲಿ ವಿಮಾನದ ಎಂಜಿನ್ ರಿಪೇರಿ ಮಾಡುತ್ತಿದ್ದುದು ನಿನಗೆ ಗೊತ್ತಿದೆ. ಈಗ ಆಕಾಶದಲ್ಲಿ ಬಿಳಿ ಗೆರೆ ಎಳೆದು ಹೋಗುತ್ತವಲ್ಲ, ಆ ಜೆಟ್ಟುಗಳದಲ್ಲ — ಅವುಗಳ ಎಂಜಿನ್ನನ್ನು ನಾನು ಕಣ್ಣಿಂದಲೂ ಕಂಡವನಲ್ಲ. ನಮ್ಮದು ಪಿಸ್ಟನ್ನಿನ ಕಾಲ. ಹಾರಿ ಹಾರಿ ದಣಿದ ಎಂಜಿನ್ನುಗಳು ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಅವನ್ನು ಪೂರ್ತಿ ಬಿಚ್ಚಿ, ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿದ ಕ್ರಮದಲ್ಲೇ ತಟ್ಟೆಗಳಲ್ಲಿ ಜೋಡಿಸಿ, ಸವೆದದ್ದನ್ನು ತೆಗೆದು ಹೊಸದು ಹಾಕಿ, ಮತ್ತೆ ಕೂಡಿಸುವುದು ನಮ್ಮ ಕೆಲಸ. ಕೂಡಿಸಿದ ಮೇಲೆ ಒಂದು ಕಟ್ಟೆಗೆ ಬಿಗಿದು ಗಂಟೆಗಟ್ಟಲೆ ಓಡಿಸಿ ನೋಡಬೇಕು. ಆ ಪರೀಕ್ಷೆಯ ಕೋಣೆಗೆ ನನ್ನನ್ನು ಹಾಕಿದಾಗ ಎಷ್ಟು ಬೀಗಿದ್ದೆ ಗೊತ್ತೇ! ಮರದ ಹಿಡಿಯ ಉದ್ದನೆಯ ಕಡ್ಡಿಯೊಂದಿತ್ತು. ಅದರ ತುದಿಯನ್ನು ಎಂಜಿನ್ನಿಗೆ ಮುಟ್ಟಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ, ಆ ಭೋರ್ಗರೆತದ ನಡುವೆಯೂ ಒಳಗಿನ ಒಂದೊಂದು ಭಾಗದ ಸದ್ದು ಬೇರೆ ಬೇರೆಯಾಗಿ ತಿಳಿಯುತ್ತಿತ್ತು. ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕೆಂದು ಹೇಳಿದ್ದರು. ಹತ್ತಿ ಇಟ್ಟುಕೊಂಡವನಿಗೆ ಸಣ್ಣ ಸದ್ದು ಹೇಗೆ ಕೇಳೀತು ಎಂದು ನಾನು ಕಿತ್ತೆಸೆಯುತ್ತಿದ್ದೆ. ಜಂಬ, ಬೇರೇನೂ ಅಲ್ಲ.

ಕಿವಿ ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಗುಬ್ಬಿಗಳ ಸದ್ದು ಹೋಯಿತು. ಈ ಊರಲ್ಲಿ ಗುಬ್ಬಿ ಕಡಿಮೆ ಎಂದುಕೊಂಡೆ! ಆಮೇಲೆ ಗಡಿಯಾರ ಸುಮ್ಮನಾಯಿತು. ದಪ್ಪ ದನಿಯ ಮಾತು ಕೇಳುತ್ತಿತ್ತು. ಉಳಿದದ್ದನ್ನು ತುಟಿ ನೋಡಿ ಊಹಿಸುತ್ತಿದ್ದೆ. ಯುದ್ಧ ಮುಗಿದು ಜನರನ್ನು ಕೆಲಸದಿಂದ ಬಿಡಿಸತೊಡಗಿದಾಗ, ಗುಟ್ಟು ಹೊರಬೀಳುವ ಮೊದಲೇ ಪಾರಾದೆನೆಂದು ಊರಿಗೆ ಬಂದೆ. ಕಂಪ್ಲಿಯಲ್ಲಿ ವಿಮಾನದ ಎಂಜಿನ್ ಮುಟ್ಟಿದ ಕೈ ಎಂದರೆ ಸುಮ್ಮನೆಯೇ? ಅಕ್ಕಿ ಮಿಲ್ಲಿನ ಸಾವ್ಕಾರರು ತಮ್ಮ ಎಣ್ಣೆ ಎಂಜಿನ್ನನ್ನು ನನಗೆ ಒಪ್ಪಿಸಿ, ಮಿಲ್ಲಿನ ಹಿಂದೆಯೇ ಮನೆ ಕೊಟ್ಟರು. ಕಿವಿ ಕೇಳಿಸದ ಮೇಸ್ತ್ರಿಗೆ ಯಾರು ಎಂಜಿನ್ ಒಪ್ಪಿಸುತ್ತಾರೆ? ಕಿವಿ ಕೇಳಿಸದವನಿಗೆ ಯಾರು ಹೆಣ್ಣು ಕೊಡುತ್ತಾರೆ? ನಾನು ಯಾರಿಗೂ ಹೇಳಲಿಲ್ಲ.

ನಿಮ್ಮೂರು ಮೆಟ್ರಿಗೆ ನಿನ್ನನ್ನು ನೋಡಲು ಬಂದ ದಿನ ನಿನ್ನ ಸೋದರಮಾವ "ಹುಡುಗಿ ಭಾಳ ಚಲೋ ಹಾಡ್ತಾಳ್ರಿ" ಎಂದು ನಿನ್ನ ಮುಂದೆ ಏಕತಾರಿ ತಂದಿಟ್ಟರು. ನೀನು ಬಿರಡೆ ತಿರುವಿ, ತಂತಿ ಮೀಟಿ, ತಲೆ ವಾಲಿಸಿ ಕೇಳಿದೆ. ಒಪ್ಪಿಗೆಯಾಗಲಿಲ್ಲವೇನೋ, ಮತ್ತೆ ಕೂದಲೆಳೆಯಷ್ಟು ತಿರುವಿದೆ. ಆ ವಾಲಿಸಿದ ತಲೆ — ನಾನು ಮನಸೋತದ್ದು ಅದಕ್ಕೆ, ಪಂಪಾ. ನಿನ್ನ ಹಾಡು ನನಗೆ ಗೋಡೆಯಾಚೆಯಿಂದ ಬಂದ ಹಾಗೆ ಮಸುಕಾಗಿ ಕೇಳಿತು. ತಂತಿಯ ಸದ್ದಂತೂ ಕೇಳಲೇ ಇಲ್ಲ. ಹಿರಿಯರು "ಹೆಂಗಿತ್ತಪಾ?" ಎಂದಾಗ "ಮಸ್ತ್ ಇತ್ರಿ" ಎಂದೆ. ಎಲ್ಲರೂ ನಕ್ಕರು, ನೀನೂ ಸೆರಗಿನಲ್ಲಿ ನಕ್ಕೆ. ನಮ್ಮ ಸಂಸಾರದ ಮೊದಲ ಸುಳ್ಳು ಅದು.

ಮದುವೆಯಾದ ಮೇಲಿನ ಸುಗ್ಗಿಯಲ್ಲಿ, ಮಿಲ್ಲು ಬಿಡುವಿಲ್ಲದೆ ಓಡುತ್ತಿದ್ದಾಗ, ನೀನು ಬುತ್ತಿ ತಂದು ಎಂಜಿನ್ ಕೋಣೆಯ ಬಾಗಿಲಲ್ಲಿ ನಿಂತೆ.

"ಏನ್ರೀ, ನಿಮ್ಮ ಎಂಜಿನ್ ಇವತ್ತ ಬ್ಯಾರೆ ಥರ ಬಡೀತೈತಿ. ಹೊಡ್ತ ಬಿದ್ದ ಮ್ಯಾಲ ಸಣ್ಣಗ ಟಣ್ ಅಂತೈತಿ. ಉಂಗುರ ತಂಬಿಗಿಗೆ ತಾಕಿದಂಗ."

ನಾನು ಬೆಂಗಳೂರಿನದರಂಥದೇ ಕಡ್ಡಿಯೊಂದನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದೆ. ಕೆನ್ನೆಯ ಮೂಳೆ ಅದುರಿತು, ಅಷ್ಟೇ. "ಏನೂ ಇಲ್ಲ, ನಿಂಗ ಭ್ರಮಿ" ಎಂದೆ. ಆದರೆ ನಿನ್ನ ಮಾತು ತಲೆಯೊಳಗೆ ಕೂತುಬಿಟ್ಟಿತ್ತು. ಸಂಜೆ ಎಂಜಿನ್ ನಿಲ್ಲಿಸಿ ಬಿಚ್ಚಿದೆ. ಪಿಸ್ಟನ್ನಿನ ಪಿನ್ನಿಗೆ ತೊಡಿಸಿದ್ದ ಬಳೆಯಂಥ ಬುಷ್ಷು ಸವೆದು ಲಡಲಡ ಆಡುತ್ತಿತ್ತು. ಹಾಗೇ ಬಿಟ್ಟಿದ್ದರೆ ಎಂಜಿನ್ನೇ ಒಡೆದು, ನಡು ಸುಗ್ಗಿಯಲ್ಲಿ ಮಿಲ್ಲು ನಿಲ್ಲುತ್ತಿತ್ತು. ಸಾವ್ಕಾರರು ಆ ಸವೆದ ಬುಷ್ಷನ್ನು ಅಂಗೈಯಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸಿದರು. "ನೋಡ್ರಪಾ, ಕಿವಿ ಅಂದ್ರ ಹಿಂಗಿರಬೇಕು!" ಕಿವಿ ಮೇಸ್ತ್ರಿ ಎಂಬ ಹೆಸರು ಹುಟ್ಟಿದ್ದು ಆವತ್ತು. ಮನೆಗೆ ಬಂದಾಗ ನೀನು ಕೇಳಿದೆ, "ನಾ ಅಂದಿದ್ದು ಅದ ಸದ್ದೇನ್ರಿ?" ನಾನು ಕೈ ತೊಳೆಯುತ್ತ ಹೇಳಿದೆ, "ಅಲ್ಲ, ಇದು ಬ್ಯಾರೆ."

ಅಲ್ಲಿಂದ ಅದೊಂದು ಆಟವಾಯಿತು. ಆಟ ಎಂದುಕೊಂಡವಳು ನೀನು. ನೀನು ರೊಟ್ಟಿ ಬಡಿಯುವ ಹೊತ್ತಿಗೆ ನಾನು ಬಂದು "ಹೇಳು ನೋಡೋಣು, ಇವತ್ತ ಎಂಜಿನ್ ಏನಂತೈತಿ?" ಎನ್ನುತ್ತಿದ್ದೆ. ನೀನು ಕೈ ನಿಲ್ಲಿಸಿ ತಲೆ ವಾಲಿಸುತ್ತಿದ್ದೆ. ಒಂದು ದಿನ ಕೆಮ್ಮುತ್ತದೆ ಎನ್ನುತ್ತಿದ್ದೆ, ಇನ್ನೊಂದು ದಿನ ಹಲ್ಲು ಕಡಿಯುತ್ತದೆ ಎನ್ನುತ್ತಿದ್ದೆ. ನಾನು "ತಪ್ಪು!" ಎಂದು ನಿನ್ನ ಮೂಗಿಗೆ ಹಿಟ್ಟು ಹಚ್ಚಿ, ಅಲ್ಲಿಂದ ನೆಟ್ಟಗೆ ಹೋಗಿ ನೀನು ಹೇಳಿದ್ದನ್ನೇ ಸರಿಪಡಿಸುತ್ತಿದ್ದೆ. ಯಾವ ಸದ್ದಿಗೆ ಯಾವ ರೋಗ ಎಂದು ತಿಳಿಯುವ ವಿದ್ಯೆ ನನ್ನದೇ, ಅದರಲ್ಲಿ ಮೋಸವಿಲ್ಲ. ಆದರೆ ಸದ್ದು ಹಿಡಿದು ತಂದುಕೊಟ್ಟವಳು ನೀನು. ಒಂದೇ ಒಂದು ಸಲ "ಸರಿ" ಎಂದಿದ್ದರೆ — ಇಲ್ಲ, ಎನ್ನಲಾಗಲಿಲ್ಲ. "ಹಂಗಾರ ನಿಮಗ್ಯಾಕ ಕೇಳ್ಲಿಲ್ಲ?" ಎಂದು ನೀನು ಕೇಳಿಬಿಡುತ್ತಿದ್ದೆ.

ಸಂಡೂರಿನ ದಿನ ನಿನಗೆ ನೆನಪಿದೆ. ನೀನು ಅದರ ಮಾತೆತ್ತುವುದಿಲ್ಲ ಎಂಬುದರಿಂದಲೇ ಅದು ನನಗೆ ಗೊತ್ತು. ಅಲ್ಲಿನ ಗಣಿಯೊಂದರಲ್ಲಿ ನೀರೆತ್ತುವ ಎಂಜಿನ್ ಶಕ್ತಿ ಕಳೆದುಕೊಂಡಿದೆ, ಯಾಕೆಂದು ಯಾರಿಗೂ ತಿಳಿಯುತ್ತಿಲ್ಲ ಎಂದು ಸಾವ್ಕಾರರ ಮೂಲಕ ಕರೆ ಬಂತು. ನೀನಿಲ್ಲದೆ ಹೋದರೆ ನಾನು ಅಲ್ಲಿ ಬರೀ ಕಡ್ಡಿ ಹಿಡಿದ ಗೊಂಬೆ. ಕುಮಾರಸ್ವಾಮಿ ಬೆಟ್ಟ ತೋರಿಸುತ್ತೇನೆ ಬಾ ಎಂದೆ.

"ಹೆಂಗಸ್ರು ನೋಡಬಾರದ ದೇವ್ರಿಗೆ ನನ್ಯಾಕ ಕರಕೊಂಡು ಹೊಂಟೀರಿ?" ಎಂದು ನೀನು ಛೇಡಿಸಿದೆ.

"ಬಾಜೂಕ ಪಾರ್ವತಿ ಗುಡಿ ಐತಲ್ಲ" ಎಂದೆ. ಹೊಸಪೇಟೆಯಿಂದ ಇದ್ದಿಲು ಗ್ಯಾಸಿನಿಂದ ಓಡುವ ಬಸ್ಸು ಏರಿನಲ್ಲಿ ಏದುಸಿರು ಬಿಡುವಾಗ, "ಇದಕ್ಕ ಮೊದ್ಲ ಔಷಧ ಮಾಡ್ರಿ ಮೇಸ್ತ್ರಿ" ಎಂದು ನೀನು ಮೊಣಕೈಯಿಂದ ತಿವಿದೆ. ಎಷ್ಟು ಖುಷಿಯಾಗಿದ್ದೆ ನೀನು ಅವತ್ತು!

ಎಂಜಿನ್ನಿನ ಕೊಟ್ಟಿಗೆಯ ಹೊರಗೆ ಕಲ್ಲಿನ ಮೇಲೆ ನಿನ್ನನ್ನು ಕೂರಿಸಿದ್ದೆ. ನಾನು ಒಳಗೆ ಕಡ್ಡಿ ಹಿಡಿದು ನಾಟಕವಾಡಿ, ನೀರು ಕುಡಿಯುವ ನೆವದಲ್ಲಿ ಹೊರಗೆ ಬಂದು, ಎಂದಿನಂತೆ ಕೇಳಿದೆ. ನೀನು ಹೇಳಿದೆ: "ಎಲ್ಲೋ ಗಾಳಿ ಸೋರ್ತೈತ್ರಿ. ಹಾಲು ಉಕ್ಕೋಕಿಂತ ಮೊದ್ಲ ಬುಸ್ ಅಂತೈತಲ್ಲ, ಹಂಗ." ಆ ಕ್ಷಣವೇ ನನಗೆ ತಿಳಿಯಿತು: ವಾಲ್ವು ತನ್ನ ಜಾಗದಲ್ಲಿ ಸರಿಯಾಗಿ ಕೂರುತ್ತಿಲ್ಲ. ಆದರೆ ಗಣಿಯ ಕೆಲಸಗಾರರು ನಮ್ಮ ಹಿಂದೆಯೇ ನಿಂತು ಕೇಳಿಸಿಕೊಂಡಿದ್ದರು. ಒಬ್ಬ ನಗುತ್ತ, "ಏನ್ ಮೇಸ್ತ್ರಿ, ಮನಿಯವ್ರಿಗೂ ಕಿವಿ ಐತೇನು?" ಎಂದ.

ಅವನು ಏನೂ ಕೆಟ್ಟದ್ದು ಹೇಳಿರಲಿಲ್ಲ. ನಾನು ಹೆದರಿದೆ. ಹೆದರಿದವನ ಬಾಯಿ ಜೋರು — ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟೆ:

"ಅಕಿ ಕಿವಿ ಬಿಡ್ರಿ! ಅಕಿಗೆ ಕಾಗಿ ಕೂಗಿದ್ರೂ ಕೋಗಿಲಿ ಅಂತ ಕೇಳ್ತೈತಿ!"

ಎಲ್ಲರೂ ಗೊಳ್ಳೆಂದು ನಕ್ಕರು. ನೀನು ಮೆಲ್ಲಗೆ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡೆ. ಅದನ್ನು ನಾನು ನೋಡಿದೆ, ಪಂಪಾ. ನೋಡಿಯೂ ಒಳಗೆ ಹೋಗಿ, ನೀನು ಹೇಳಿದ ವಾಲ್ವನ್ನೇ ಬಿಚ್ಚಿ ತಿಕ್ಕಿ ಕೂರಿಸಿದೆ. ಎಂಜಿನ್ ನೀರೆತ್ತಿತು. ಅವರು ನನ್ನ ಹೆಗಲಿಗೆ ಶಾಲು ಹೊದಿಸಿದರು. ವಾಪಸು ಬರುವಾಗ ಪಾರ್ವತಿ ಗುಡಿ ಇನ್ನೊಮ್ಮೆ ನೋಡಿದರಾಯಿತು ಎಂದೆ. ನೀನು ಹೂಂ ಎಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನೀನು ಕೆಂಪು ಗುಡ್ಡಗಳನ್ನು ನೋಡುತ್ತ ಕೂತಿದ್ದೆ.

ಆ ಸೋಮವಾರ ಮಠದ ಭಜನೆಗೆ ಹೊರಡುವ ಹೊತ್ತಿಗೆ ನೀನು ಏಕತಾರಿಯನ್ನು ನನ್ನ ಮುಂದೆ ಇಟ್ಟೆ. ಮೆಟ್ರಿಯಿಂದ ತಂದದ್ದು. ಕಂಪ್ಲಿಗೆ ಬಂದ ಮೇಲೆ ಭಜನೆಯ ಹೆಂಗಸರಿಗೆಲ್ಲ ನೀನೇ ಶ್ರುತಿ ಹಚ್ಚಿಕೊಡುತ್ತಿದ್ದೆ.

"ನಾ ಇನ್ಮ್ಯಾಗ ಶ್ರುತಿ ಹಚ್ಚಂಗಿಲ್ರಿ" ಎಂದೆ ನೀನು. "ನನ್ನ ಕಿವೀನ ನೆಟ್ಟಗಿಲ್ಲ ಅಂದ್ಮ್ಯಾಲ ಎಲ್ರ ಹಾಡು ಯಾಕ ಕೆಡಸ್ಲಿ?"

ಹೇಳಿ ನೀನು ನನ್ನ ಮುಖ ನೋಡಿದೆ. ನನ್ನ ಒಂದು ಮಾತಿಗೆ ಕಾಯುತ್ತಿದ್ದೆ ಎಂದು ಈಗ ಅನಿಸುತ್ತದೆ — ಈಗ ಏನು, ಆಗಲೇ ಅನಿಸಿತ್ತು. "ಹಂಗ್ಯಾಕಂತಿ, ಹುಚ್ಚಿ" ಎಂದಿದ್ದರೂ ಸಾಕಿತ್ತು. ನಾನು ಹೇಳಿದ್ದು ಏನು ಗೊತ್ತೇ? "ಅಟ್ಟದ ಮ್ಯಾಲ ಇಡ್ಲೇನು?" ಎಂದೆ. ನನ್ನ ಹಳೆಯ ಪಂಚೆಯಲ್ಲಿ ಸುತ್ತಿ, ನನ್ನ ಕೈಯಿಂದಲೇ ಅದನ್ನು ಅಟ್ಟಕ್ಕೆ ಏರಿಸಿದೆ.

ಆಟವೂ ಅಲ್ಲಿಗೇ ನಿಂತಿತು. ಎಂಜಿನ್ ಬಗ್ಗೆ ಕೇಳಿದರೆ ನೀನು "ನಂಗೇನ್ ತಿಳೀತೈತ್ರಿ" ಎನ್ನುತ್ತಿದ್ದೆ. ನಾನು ರೋಗ ಬರುವ ಮೊದಲೇ ಆಗಾಗ ಎಂಜಿನ್ ಬಿಚ್ಚಿ ನೋಡುತ್ತ, ಹಳೆಯ ಹೆಸರಿನ ಮೇಲೆ ಬದುಕಿಬಿಟ್ಟೆ. ಮಗಳು ಹುಟ್ಟಿದಾಗ, ತೊಟ್ಟಿಲಿಗೆ ಹಾಕುವ ದಿನ ಎಲ್ಲರೂ ನಿನ್ನನ್ನು ಹಾಡು ಎಂದರು. ನೀನು ಪಕ್ಕದ ಮನೆಯ ಸಿದ್ದಮ್ಮನನ್ನು ಮುಂದೆ ಮಾಡಿದೆ. ಮುಂದೆಯೂ ತೊಟ್ಟಿಲು ತೂಗುವಾಗ ನಿನ್ನ ತುಟಿಗಳು ಅಲುಗಿದ್ದನ್ನು ನಾನು ಕಾಣಲಿಲ್ಲ. ಸದ್ದು ಕೇಳದವನು ನಾನು, ತುಟಿಯನ್ನೇ ನೋಡುತ್ತಿದ್ದೆ. ನೀನು ಹಾಡೇ ಗೊತ್ತಿಲ್ಲದವಳ ಹಾಗೆ ಸುಮ್ಮನೆ ತೂಗುತ್ತಿದ್ದೆ.

ವಯಸ್ಸಾಗಿ ನನ್ನ ಕಿವಿ ಪೂರ್ತಿ ಕಲ್ಲಾದಾಗ ಯಾರಿಗೂ ಸಂಶಯ ಬರಲಿಲ್ಲ. ನೀನು ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಗೆ ಬಿಟ್ಟೆ. "ನಿಮ್ಮಂಥಾ ಕಿವಿ ಹಿಂಗಾತಲ್ರಿ" ಎಂದು ಅತ್ತೆ. ಆ ಕಣ್ಣೀರು ನನ್ನ ಕೆನ್ನೆಯ ಮೇಲೆ ಬಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ. ನನ್ನ ಬಗ್ಗೆ ನನಗೇ ಅಸಹ್ಯವಾಗುವುದು ಆ ದಿನವನ್ನು ನೆನೆದಾಗ.

ಮೊನ್ನೆ ಮೊಮ್ಮಗಳು ಬಂದಿದ್ದಳಲ್ಲ, ಸಂಗೀತ ಕಲಿಯುತ್ತಿರುವವಳು. ಅಟ್ಟದಿಂದ ಏಕತಾರಿ ಇಳಿಸಿ, ಹೊಸ ತಂತಿ ಹಾಕಿಸಿ ತಂದು, ನಿನ್ನ ಮಡಿಲಿಗಿಟ್ಟು ಶ್ರುತಿ ಹಚ್ಚಿಕೊಡು ಎಂದು ಪೀಡಿಸಿದಳು. ನೀನು ಬೇಡವೆನ್ನುತ್ತಲೇ ಬಿರಡೆ ತಿರುವಿದೆ. ತಲೆ ವಾಲಿಸಿದೆ. ಇಷ್ಟು ವರ್ಷಗಳ ಮೇಲೆ ಆ ವಾಲಿಸಿದ ತಲೆ! ಮರುದಿನ ಅವಳು ಅದನ್ನು ಹಿಡಿದು ಪಾಠಕ್ಕೆ ಹೋಗಿ ಬಂದು, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ತುಟಿ ಬಿಡಿಸಿ ಬಿಡಿಸಿ ಹೇಳಿದಳು: "ತಾತಾ, ಅಜ್ಜಿ ಹಚ್ಚಿದ್ದ ಶ್ರುತಿ ಒಂಚೂರೂ ತಪ್ಪಿಲ್ಲಂತ! ನಮ್ಮ ಗುರುಗಳು ಹೇಳಿದ್ರು." ನೀನು ಹಿಂದೆ ನಿಂತಿದ್ದೆ. ನಿನ್ನ ತುಟಿಯನ್ನೂ ನಾನು ಓದಿದೆ. "ಏನೋ ಅಪ್ಪಿತಪ್ಪಿ ಬಂದಿರಬೇಕು ಬಿಡು" ಎಂದೆ ನೀನು.

ಅಪ್ಪಿತಪ್ಪಿ. ಆ ಮಾತು ನನ್ನನ್ನು ಕೂರಗೊಡಲಿಲ್ಲ. ಈ ಹಾಳೆ ಹಿಡಿದಿರುವುದು ಅದಕ್ಕೇ.

ಇದನ್ನು ಇವತ್ತೇ ನಿನಗೆ ಓದಿ ಹೇಳುತ್ತೇನೆ. ಬೈಯಬೇಕೆನಿಸಿದರೆ ಬೈಯಿ. ನಿನ್ನ ತುಟಿಯಿಂದ ಕಣ್ಣು ತೆಗೆಯುವುದಿಲ್ಲ, ಒಂದು ಮಾತನ್ನೂ ತಪ್ಪಿಸಿಕೊಳ್ಳುವುದಿಲ್ಲ. ಕ್ಷಮಿಸು ಎಂದು ಕೇಳುತ್ತಿಲ್ಲ. ನೀನು ಕ್ಷಮಿಸಿದರೂ ಆ ತೊಟ್ಟಿಲಿಗೆ ಜೋಗುಳ ಬರುವುದಿಲ್ಲ. ಬರುವ ಸೋಮವಾರ ಏಕತಾರಿಯನ್ನು ನಾನೇ ಮಠಕ್ಕೆ ಹೊತ್ತು ತರುತ್ತೇನೆ. ಜನರೆದುರು ನಿನ್ನನ್ನು ನಗೆಗೀಡು ಮಾಡಿದವನು ಜನರೆದುರೇ ಹೇಳಬೇಕು: ಕಿವಿ ಇವಳದು, ಹೆಸರು ಮಾತ್ರ ನನ್ನದಾಗಿತ್ತು ಎಂದು.

ನಾನು ಹೇಳಿ ಮುಗಿಸಿದ ಮೇಲೆ, ನಿನಗೆ ಮನಸ್ಸಾದರೆ, ಏಕತಾರಿ ಕೈಗೆ ತೆಗೆದುಕೋ. ಬಿರಡೆ ತಿರುವು, ತಂತಿ ಮೀಟು, ತಲೆ ವಾಲಿಸಿ ಕೇಳು. ಸರಿಯೋ ತಪ್ಪೋ ಎಂದು ನನ್ನ ಮುಖ ಮಾತ್ರ ನೋಡಬೇಡ, ಪಂಪಾ.