ಮಲ್ಪೆಯಿಂದ ಕಾರವಾರದವರೆಗೆ ಒಂದು ಪಂದ್ಯ

ಮದುವೆಯಾದ ಹೊಸದರಲ್ಲಿ ನಮ್ಮನೆಯವರು ತಮ್ಮ ಈಜಿನ ಬಗ್ಗೆ ಎಷ್ಟು ಕೊಚ್ಚಿಕೊಂಡಿದ್ದರೆಂದರೆ, ಕುಣಿಗಲ್ ಕೆರೆ ಕೋಡಿ ಬೀಳುತ್ತಿದ್ದದ್ದೇ ಇವರು ಕೈಕಾಲು ಬಡಿದದ್ದಕ್ಕೆ ಅಂತ ನಾನು ನಂಬಿದ್ದೆ. ನಾನು ಸಿ.ಎಸ್. ಪುರದ ಕಡೆಯವಳು. ತೆಂಗಿನ ತೋಟಕ್ಕೆ ಹಾಯಿಸುವ ನೀರು ಬಿಟ್ಟರೆ ಹರಿಯುವ ನೀರನ್ನು ನೋಡಿದ್ದೇ ಕಡಿಮೆ. ಹಾಗಾಗಿ ನೀರಿನ ವಿಷಯದಲ್ಲಿ ಅವರು ಹೇಳಿದ್ದೇ ವೇದ.

ತೊಂಬತ್ತರ ದಶಕದ ಕೊನೆಯಲ್ಲಿ ಅವರಿಗೆ ಬ್ಯಾಂಕಿನಲ್ಲಿ ಪ್ರಮೋಷನ್ ಬಂತು. ಅದರ ಜೊತೆಗೆ ಕುಂದಾಪುರದ ಕಡೆಗೆ ವರ್ಗವೂ ಬಂತು. ನಾನಾಗ ತುಮಕೂರು ಪಕ್ಕದ ಕ್ಯಾತ್ಸಂದ್ರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಆ ಕೆಲಸ ನನಗೆ ಜೀವ. ತುಮಕೂರು ಬಿಟ್ಟು ಬರುವ ಮಾತೇ ಇಲ್ಲ ಎಂದೆ. ಅವರೂ ಬಿಡಲಿಲ್ಲ. ಎರಡು ವಾರ ನಮ್ಮ ಮನೆಯಲ್ಲಿ ಕುಕ್ಕರ್ ಒಂದೇ ಸಮಾಧಾನವಾಗಿ ಕೂಗುತ್ತಿದ್ದದ್ದು.

ಅವರ ಜೊತೆ ಕೆಲಸ ಮಾಡುತ್ತಿದ್ದ ಮಲ್ಪೆಯವರೊಬ್ಬರಿಗೆ ಊರಿನಲ್ಲಿ ಮೀನು ಹಿಡಿಯುವ ಸಣ್ಣ ಟ್ರಾಲ್ ಬೋಟಿತ್ತು. ದಸರಾ ರಜೆಯಲ್ಲಿ ಅದನ್ನು ರಿಪೇರಿಗೆ ಕಾರವಾರಕ್ಕೆ ಒಯ್ಯುವುದಿತ್ತು. ಹಗಲೆಲ್ಲ ದಂಡೆಯ ಪಕ್ಕದಲ್ಲೇ ಹೋಗುವುದು, ಸಂಜೆ ಯಾವುದಾದರೂ ಬಂದರಿನಲ್ಲಿ ತಂಗುವುದು, ಒಟ್ಟು ಮೂರು ದಿನ. ಗಂಡ ಹೆಂಡತಿ ಇಬ್ಬರೂ ಬನ್ನಿ, ಸಮುದ್ರ ನೋಡಿದ ಮೇಲೆ ಮೇಡಂ ಮನಸ್ಸು ಬದಲಾದೀತು ಅಂತ ಅವರೇ ಕರೆದರು. ನಮ್ಮನೆಯವರು ಆ ಮಾತಿಗೆ ಒಂದು ಪಂದ್ಯ ಕಟ್ಟಿದರು.

"ಮೂರು ದಿನ ಬೋಟಲ್ಲಿರಾಣ. ಯಾರು ಮೊದ್ಲು 'ಸಾಕು, ದಡಕ್ ಬಿಡಿ' ಅಂತಾರೋ ಅವ್ರು ಸೋತಂಗೆ. ನಾನ್ ಸೋತ್ರೆ ಪ್ರಮೋಷನ್ ಬ್ಯಾಡ ಅಂತ ಬರ್ಕೊಡ್ತೀನಿ. ನೀನ್ ಸೋತ್ರೆ ಕೆಲ್ಸ ಬುಟ್ಟು ನನ್ ಜೊತೆ ಬರ್ಬೇಕು. ಏನಂತೀಯಾ?"

"ಬರ್ಕೊಡಕ್ಕೆ ಪೆನ್ ರೆಡಿ ಇಟ್ಕಳಿ," ಎಂದೆ.

ಈಗ ನನ್ನ ಪಾಪವನ್ನು ಹೇಳಿಬಿಡುತ್ತೇನೆ. ಕೆರೆಯ ಶೂರರು ಹೊರಡುವ ಹಿಂದಿನ ದಿನ ಮೆಡಿಕಲ್ ಸ್ಟೋರಿನಿಂದ ವಾಂತಿಯ ಮಾತ್ರೆ ತಂದು ಶೇವಿಂಗ್ ಡಬ್ಬಿಯಲ್ಲಿ ಬಚ್ಚಿಟ್ಟಿದ್ದರು. ಅದನ್ನು ನಾನು ಕದ್ದೆ. ಕದ್ದದ್ದಷ್ಟೇ ಅಲ್ಲ, ಹೊತ್ತು ಹೊತ್ತಿಗೆ ಒಂದೊಂದು ನುಂಗಿದೆ. ಅವರು ಕೇಳುವ ಹಾಗಿರಲಿಲ್ಲ, ಕೇಳಿದರೆ ಮಾತ್ರೆ ತಂದದ್ದು ಒಪ್ಪಿಕೊಳ್ಳಬೇಕಲ್ಲ! ಬೋಟಿನ ಮೂಲೆಯಲ್ಲಿ ಕೂತು ಶೇವಿಂಗ್ ಡಬ್ಬಿಯನ್ನು ಮೂರು ಸಲ ಬಗ್ಗಿಸಿ ನೋಡಿದರು. ನಾನು ಕಡಲಕ್ಕಿಗಳನ್ನು ಎಣಿಸುತ್ತಿದ್ದೆ.

ನಮ್ಮನ್ನು ಬಿಟ್ಟರೆ ಬೋಟಿನಲ್ಲಿ ಇದ್ದವರು ಇಬ್ಬರೇ, ಅಣ್ಣ ತಮ್ಮ. ಅಣ್ಣ ಬೋಟು ನಡೆಸುವ ತಂಡೇಲರು, ಅರವತ್ತರ ಆಸುಪಾಸು. ತಮ್ಮ ಎಂಜಿನ್ ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ತುಳು ಆಡುವ ಜನ, ನಮ್ಮ ಜೊತೆ ಮಾತ್ರ ಪುಸ್ತಕದಂಥ ಕನ್ನಡ. ಮೊದಲ ದಿನ ಸಮುದ್ರ ತಣ್ಣಗಿತ್ತು. ನಮ್ಮನೆಯವರು ಎದೆ ಸೆಟೆಸಿ ನಿಂತು, ಕೆರೆಗೂ ಕಡಲಿಗೂ ಅಂಥ ವ್ಯತ್ಯಾಸವೇನಿಲ್ಲ, ಆಚೆ ದಂಡೆ ಕಾಣುವುದಿಲ್ಲ ಅಷ್ಟೇ ಎಂದರು. ತಂಡೇಲರು ಬೀಡಿ ಹಚ್ಚಿದರು.

ಎರಡನೆಯ ದಿನ ಬೆಳಿಗ್ಗೆ ಗಂಗೊಳ್ಳಿಯ ಬಂದರಿನಲ್ಲಿ ಬಿಸಿ ಗೋಳಿಬಜೆ ಮಾರುತ್ತಿದ್ದರು. ಎರಡು ಪೊಟ್ಟಣ ಕಟ್ಟಿಸಿಕೊಂಡು ಬಂದು, "ತಿನ್ನಿ, ಪಾಪ, ಬರೀ ಹೊಟ್ಟೇಲಿರ್ಬಾರ್ದು" ಅಂತ ಅಕ್ಕರೆಯಿಂದ ಬಡಿಸಿದೆ. ಎಣ್ಣೆ ತಿಂಡಿ ಎಂದರೆ ಬಾಯಿ ಬಿಡುವ ಆಸಾಮಿ, ಹನ್ನೊಂದನ್ನು ಮುಗಿಸಿದರು. ಬೋಟು ಭಟ್ಕಳ ದಾಟುವ ಹೊತ್ತಿಗೆ ಗಾಳಿ ಎದ್ದಿತು. ಹನ್ನೊಂದೂ ಬಂದ ದಾರಿಯಲ್ಲೇ ವಾಪಸು ಹೊರಟವು.

"ಏನ್ರೀ, ದಡಕ್ ಬಿಡಿ ಅನ್ಲಾ?" ಎಂದೆ.

"ಸುಮ್ಕಿರೇ. ಏನೋ ಎಣ್ಣೆ ಸರಿ ಇರ್ಲಿಲ್ಲ ಕಣೇ," ಎಂದು ಮುಖ ಆ ಕಡೆ ತಿರುಗಿಸಿದರು.

ಮೂರನೆಯ ದಿನ ಅವರ ಮುಖ ಹಳೆಯ ಸುಣ್ಣದ ಗೋಡೆಯ ಹಾಗಾಗಿತ್ತು. ಆದರೂ ಬಾಯಿಂದ 'ಸಾಕು' ಬರಲಿಲ್ಲ. ಬೋಟಿನ ಹಿಂಭಾಗದಲ್ಲಿ, ಹೊಗೆ ಕಾರುವ ಎಂಜಿನ್ನಿನ ಪಕ್ಕ, ರಾಶಿ ಹಾಕಿದ್ದ ಬಲೆಗೆ ಒರಗಿಕೊಂಡು ಕೂತಿದ್ದರು. ಅವರನ್ನು ನೋಡಿ ತಂಡೇಲರಿಗೆ ಮರುಕ ಹುಟ್ಟಿತು. ಮುಂದೆ ನಿಂತು ಕೈಬೀಸಿ, "ಬಲೆ, ಬಲೆ! ಬೇಗ ಬಲೆ!" ಎಂದು ಕೂಗಿದರು.

ನಮ್ಮನೆಯವರು ಧಡಕ್ಕನೆ ಎದ್ದರು. ಮೂರು ದಿನ ಬರೀ ಭಾರವಾಗಿ ಕೂತಿದ್ದವರಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು. "ಬುಟ್ಟೆ, ಬುಟ್ಟೆ!" ಎನ್ನುತ್ತ ಬಲೆಯ ರಾಶಿಯನ್ನು ಅವುಚಿ ಹಿಡಿದು ಸಮುದ್ರಕ್ಕೆ ನೂಕಿಯೇಬಿಟ್ಟರು. ತಂಡೇಲರು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡರು. ಬಲೆ ಹೋಗಿ ನೀರಿನೊಳಗೆ ತಿರುಗುತ್ತಿದ್ದ ಫ್ಯಾನಿಗೆ ಸುತ್ತಿಕೊಂಡಿತು. ಎಂಜಿನ್ ಗೊರಗೊರ ಎಂದು ನಿಂತಿತು. ಉಳಿದ ಬಲೆಯಲ್ಲಿ ಇವರ ಕಾಲು ಸಿಕ್ಕಿತ್ತು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗ್ಗರಿಸಿ ಸೊಂಟದವರೆಗೆ ಬೋಟಿನ ಆಚೆ ನೇತಾಡುತ್ತಿದ್ದರು.

ತಂಡೇಲರು ಓಡಿ ಬಂದು ಬೆಲ್ಟು ಹಿಡಿದರು. ನಾನು ಒಂದು ಕಾಲು ಹಿಡಿದೆ. ಕುಣಿಗಲ್ ಕೆರೆ, ಈಜು ಯಾವುದೂ ನೆನಪಿಗೆ ಬರಲಿಲ್ಲ. ಕದ್ದ ಮಾತ್ರೆಗಳು ಮಾತ್ರ ನೆನಪಿಗೆ ಬಂದವು.

"ಸಾಕು! ಸಾಕ್ರಪ್ಪಾ, ದಡಕ್ ಬಿಡಿ!" ಎಂದು ಕಿರುಚಿದೆ.

ತಲೆ ಕೆಳಗಾಗಿ ನೇತಾಡುತ್ತಿದ್ದ ಮನುಷ್ಯ ಅಲ್ಲಿಂದಲೇ ಕೂಗಿದರು: "ಹೇಳ್ಬುಟ್ಲು! ತಂಡೇಲರೇ, ಹೇಳ್ಬುಟ್ಲು! ನೀವೇ ಸಾಕ್ಷಿ!"

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಹಾಗೆ. ಒಳಗೆ ಎಳೆದುಕೊಂಡ ಮೇಲೂ ಉಪ್ಪುನೀರು ಉಗುಳುತ್ತ ನಗುತ್ತಲೇ ಇದ್ದರು. ಎಂಜಿನ್ ನೋಡುತ್ತಿದ್ದ ತಮ್ಮ, ಬಾಯಲ್ಲಿ ಚೂರಿ ಕಚ್ಚಿಕೊಂಡು ನೀರಿಗಿಳಿದು ಫ್ಯಾನಿಗೆ ಸುತ್ತಿದ್ದ ಬಲೆಯನ್ನು ಕೊಯ್ದರು. ತಂಡೇಲರು ಮಾತ್ರ ಹಣೆ ಚಚ್ಚಿಕೊಂಡರು. "ಆಚೆ ಹೊಗೆ ಉಂಟು, ಈಚೆ ಬನ್ನಿ ಅಂತ ಕರೆದದ್ದು ಮಾರಾಯ್ರೆ! ಅವಸರಕ್ಕೆ ಬಾಯಿಗೆ ತುಳು ಬಂತು. ತುಳುವಿನಲ್ಲಿ ಬಲೆ ಅಂದರೆ ಬನ್ನಿ ಅಂತ!"

ಕಾರವಾರದಿಂದ ತುಮಕೂರು ಮುಟ್ಟುವವರೆಗೂ ಬಸ್ಸಿನಲ್ಲಿ ನಾನು ಅವರ ಜೊತೆ ಮಾತಾಡಲಿಲ್ಲ. ಗಾಬರಿಯಲ್ಲಿ ಬಾಯಿಗೆ ಬಂದ ಮಾತು, ಲೆಕ್ಕಕ್ಕಿಲ್ಲ ಎಂದು ವಾದಿಸಬಹುದಿತ್ತು. ಮಾತ್ರೆ ಕದ್ದವಳಿಗೆ ಅಷ್ಟು ಬಾಯಿ ಎಲ್ಲಿಂದ ಬರಬೇಕು? ಅವರು ಮುಂಚೆ ಹೋದರು, ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಸಿ ನಾನೂ ರಾಜೀನಾಮೆ ಕೊಟ್ಟೆ. ಆ ದಿನ ಸ್ಟಾಫ್ ರೂಮಿನಲ್ಲಿ ಕೂತು ಚೆನ್ನಾಗಿ ಅತ್ತೆ. ಪಂದ್ಯ ಸೋತು ಕೆಲಸ ಬಿಡುತ್ತಿದ್ದಾಳೆ ಅಂತ ಎಲ್ಲರೂ ತಿಳಿದುಕೊಂಡರು. ನಮ್ಮನೆಯವರೂ ಇವತ್ತಿಗೂ ಹಾಗೇ ತಿಳಿದಿದ್ದಾರೆ.

ಬರೀ ಪಂದ್ಯಕ್ಕಾಗಿದ್ದರೆ ನಾನು ಕುಂದಾಪುರಕ್ಕೆ ಹೋಗುತ್ತಲೇ ಇರಲಿಲ್ಲ. ಮಾತು ತಪ್ಪುವುದು ನನಗೇನೂ ಹೊಸದಲ್ಲ. ಆ ಕಾಲನ್ನು ಹಿಡಿದುಕೊಂಡಿದ್ದಾಗ, ಇವರಿಲ್ಲದ ತುಮಕೂರು ನನಗೆ ಬೇಡ ಎಂದು ಗೊತ್ತಾಗಿಹೋಗಿತ್ತು, ಅದಕ್ಕೇ ಹೋದೆ. ಇದನ್ನು ಅವರಿಗೆ ಹೇಳಿಲ್ಲ. ಹೇಳಿದರೆ ತಲೆಯ ಮೇಲೆ ಹತ್ತಿ ಕೂರುತ್ತಾರೆ.